ಕಾಣದ ಹಸಿರು

ಹೊಸಬಳು ಬಂದ ದಿನದಿಂದಲೇ ಬಣ್ಣದಕ್ಕನಿಗೆ ಅವಳ ಮೇಲೆ ಒಂದು ಕಣ್ಣು. ಮೂವತ್ತು ದಾಟಿದ ಹೆಂಗಸು, ನಡೆದರೆ ಸದ್ದಿಲ್ಲ, ನಕ್ಕರೆ ಹಲ್ಲು ಕಾಣುವುದಿಲ್ಲ, ಬೆಳಿಗ್ಗೆ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾಳೆ. ಕೆಲಸಕ್ಕೆ ಅಷ್ಟು ಬೇಗ ಬರುವವರನ್ನು ನಂಬಬಾರದು ಎನ್ನುವುದು ಬಣ್ಣದಕ್ಕನ ಅನುಭವ. ಮನಸ್ಸಿನಲ್ಲೇ ಅವಳಿಗೆ ಬೆಕ್ಕು ಎಂದು ಹೆಸರಿಟ್ಟಳು.

ಅದು ಕಂಪ್ಯೂಟರ್ ಆಟಗಳನ್ನು ತಯಾರಿಸುವ ಆಫೀಸು. ಬೇರೆಯವರು ಬರೆದ ಚಿತ್ರಗಳಿಗೆ ಹೊಸ ಬಣ್ಣ ಹಾಕಿಕೊಡುವುದು ಬಣ್ಣದಕ್ಕನ ಕೆಲಸ. ಆರು ವರ್ಷ ಬರೀ ಗೋಡೆ, ಕಲ್ಲು, ಇಟ್ಟಿಗೆ. ಆಟದಲ್ಲಿ ಓಡುವವರು ನಿಂತು ಗೋಡೆ ನೋಡುತ್ತಾರೆಯೇ? ಈಗ ಮೊದಲ ಸಲ ಅವಳಿಗೆ ಒಂದು ಇಡೀ ಕಾಡು ಸಿಕ್ಕಿತ್ತು. ಹಸಿರು ಎಲೆಗಳನ್ನೆಲ್ಲ ಉದುರುವ ಕಾಲದ ಕೆಂಪಿಗೆ ತಿರುಗಿಸಬೇಕು. ಪ್ರತಿ ಎಲೆಯೂ ಒಂದು ಚೌಕದ ಹಾಳೆಯಲ್ಲಿರುತ್ತದೆ, ಸುತ್ತಲಿನ ಜಾಗವೆಲ್ಲ ಪಾರದರ್ಶಕ. ಆ ಜಾಗಕ್ಕೆ ಬಣ್ಣ ಚೆಲ್ಲಬಾರದೆಂದು ಸಾಫ್ಟ್‌ವೇರಿನಲ್ಲಿ ಒಂದು ಬೀಗವಿದೆ. ಅದನ್ನು ಹಾಕಿಕೊಂಡರೆ ಬ್ರಷ್ ಎಷ್ಟು ಎಳೆದಾಡಿದರೂ ಬಣ್ಣ ಅಂಚು ದಾಟುವುದಿಲ್ಲ. ಬಣ್ಣದಕ್ಕ ಆ ಬೀಗ ಹಾಕದೆ ಬ್ರಷ್ ಮುಟ್ಟಿದವಳೇ ಅಲ್ಲ.

ಮೊದಲ ದಿನವೇ ಬೆಕ್ಕು ಅವಳ ಪರದೆಯತ್ತ ಬಗ್ಗಿ, "ಅಕ್ಕಾ, ಬೀಗ ಹಾಕಿದ್ರೂ ಒಂದು..." ಎಂದು ಬಾಯಿ ತೆರೆದಿದ್ದಳು. "ನೀನು ಅಂಬೆಗಾಲಿಡೋವಾಗಿಂದ ಬಣ್ಣ ಹಚ್ತಿದೀನಿ, ನಂಗೆ ಹೇಳ್ಕೊಡ್ಬೇಡ," ಎಂದು ಬಣ್ಣದಕ್ಕ ಬಾಯಿ ಮುಚ್ಚಿಸಿದ್ದಳು. ಅಲ್ಲಿಗೆ ಮಾತು ನಿಂತಿತ್ತು.

ಮೂರು ವಾರದಲ್ಲಿ ಎರಡು ಹಾಳೆ ತಪಾಸಣೆಯಿಂದ ವಾಪಸ್ ಬಂದವು. ಆಟದೊಳಗೆ ದೂರದಿಂದ ನೋಡಿದರೆ ಕೆಂಪು ಎಲೆಗಳ ಅಂಚಿಗೆ ಹಸಿರು ಗೆರೆ.

"ಇನ್ನೊಂದ್ಸಲ ಹೀಗಾದ್ರೆ ಕಾಡನ್ನ ಬೇರೆಯವ್ರಿಗೆ ಕೊಡ್ತೀನಿ," ಎಂದಳು ಮೇಲ್ವಿಚಾರಕಿ. "ನೀವು ಗೋಡೆಗಳಿಗೇ ವಾಪಸ್ ಹೋಗಿ."

ಬಣ್ಣದಕ್ಕ ಕುರ್ಚಿಗೆ ಬಂದವಳೇ, ಆಫೀಸಿನ ಎಲ್ಲರ ಕೈಗೂ ಸಿಗುವ ಫೋಲ್ಡರಿನಲ್ಲಿ ತನ್ನ ಫೈಲುಗಳ ಸಮಯ ನೋಡಿದಳು. ಸಂಜೆ ಐದಕ್ಕೆ ತಾನು ಮುಚ್ಚಿಟ್ಟ ಫೈಲನ್ನು ಮರುದಿನ ಬೆಳಿಗ್ಗೆ ಎಂಟೂಕಾಲಿಗೆ ಯಾರೋ ತೆರೆದು ತಿದ್ದಿದ್ದರು. ಇನ್ನೊಂದೂ ಹಾಗೇ. ಮತ್ತೊಂದೂ. ಉಳಿದವನ್ನು ನೋಡುವ ತಾಳ್ಮೆ ಅವಳಿಗೆಲ್ಲಿ? ಆ ಹೊತ್ತಿಗೆ ಆಫೀಸಿನಲ್ಲಿರುವ ಪ್ರಾಣಿ ಒಂದೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಗೊತ್ತಾಗುವುದಿಲ್ಲವೇ!

ಗಂಡನಿಗೆ ಹೇಳಿದರೆ ಅವನು ನಕ್ಕ. "ನಿಂಗೆ ಹಾಲಲ್ಲಿ ನೀರು ಕಾಣ್ಸುತ್ತೆ ಸರಿ, ನೀರಿಲ್ಲದ ಹಾಲಲ್ಲೂ ಕಾಣ್ಸುತ್ತಲ್ಲೇ. ಬಾಯ್ಬಿಟ್ಟು ಕೇಳ್ಬಾರ್ದಾ ಅವಳನ್ನೇ?"

"ಕಳ್ಳೀನ ಕಳ್ಳೀನಾ ಅಂತ ಕೇಳಿದ್ರೆ ಹೌದು ಅಂತಾಳಾ?" ಎಂದು ಬಣ್ಣದಕ್ಕ ಅಲ್ಲಿಂದ ಎದ್ದಳು.

ಮರುದಿನ ಸಂಜೆ ಬಲೆ ಬೀಸಿದಳು. ಮುಗಿದ ಹಾಳೆಯಲ್ಲಿ ಎಲೆಯ ಸುತ್ತಲಿನ ಬಣ್ಣವನ್ನು ಕಾಣದಂತೆ ಮಾಡುವ ಪದರವನ್ನು ಒಂದು ಗಳಿಗೆ ಸರಿಸಿದರೆ, ಕಾಣದ ಜಾಗದಲ್ಲಿ ಏನಿದೆ ಎಂಬುದು ಕಾಣುತ್ತದೆ. ಅಲ್ಲಿ ಹಳೆಯ ಹಸಿರು ಇದ್ದ ಹಾಗೇ ಇತ್ತು. ಅದನ್ನು ಕಣ್ಣಾರೆ ನೋಡಿದಳು, ಕಾಣದ್ದು ಇದ್ದರೆಷ್ಟು ಬಿಟ್ಟರೆಷ್ಟು ಎಂದುಕೊಂಡಳು. ಆ ಹಸಿರಿನ ಮೇಲೆಯೇ ಕಪ್ಪಿನಲ್ಲಿ ಬರೆದಳು: "ಕಳ್ಳ ಬೆಕ್ಕೇ, ನಿನ್ನ ಕೈಗೆ ಹುಳ ಬೀಳಲಿ." ಮತ್ತೆ ಪದರ ಹೊದಿಸಿದಳು. ಅಕ್ಷರ ಮಾಯ. ಫೈಲಿಗೆ ಕೈಹಾಕಿ ಕೆಡಿಸುವವರು ಈ ಪದರ ಸರಿಸಿಯೇ ಸರಿಸುತ್ತಾರೆ, ಬೈಗುಳ ಕಂಡರೆ ಅಳಿಸಲೇಬೇಕು, ಅಳಿಸಿದರೆ ಸಿಕ್ಕಿಬೀಳುತ್ತಾರೆ. ಆ ರಾತ್ರಿ ಅವಳಿಗೆ ಸೊಗಸಾದ ನಿದ್ದೆ ಬಂತು.

ಬೆಳಿಗ್ಗೆ ಫೈಲಿನ ಸಮಯ ಎಂಟು ಇಪ್ಪತ್ತು. ಒಳಗೆ ತೆರೆದೂ ನೋಡದೆ ಮೇಲ್ವಿಚಾರಕಿಯನ್ನು ಕರೆತಂದಳು. ಬೆಕ್ಕು ಕುರ್ಚಿ ತಿರುಗಿಸಿ ನೋಡುತ್ತಿದ್ದಳು.

"ನನ್ನ ಕೆಲ್ಸ ಹಾಳು ಮಾಡ್ತಿರೋದು ಇವ್ಳೇ. ಇದ್ರೊಳಗೆ ಗುರುತು ಬರೆದಿಟ್ಟಿದ್ದೆ. ನೋಡಿ ಈಗ," ಎಂದು ಪದರ ಸರಿಸಿದಳು.

ಅಕ್ಷರ ಇರಲಿಲ್ಲ. ಹಸಿರೂ ಇರಲಿಲ್ಲ. ಎಲೆಯ ಅಂಚಿನಿಂದ ಹೊರಗೆ, ಹಾಳೆಯ ನಾಲ್ಕೂ ಮೂಲೆಯವರೆಗೆ ಅದೇ ಕೆಂಪು ನಯವಾಗಿ ಹರಡಿಕೊಂಡಿತ್ತು.

ಮೇಲ್ವಿಚಾರಕಿ ಹೊಸಬಳ ಮುಖ ನೋಡಿದಳು. "ಇದೇನಮ್ಮಾ?"

"ಬೀಗ ಹಾಕ್ಕೊಂಡು ಬಣ್ಣ ಹಚ್ಚಿದ್ರೆ ಹೊರಗಡೆ ಹಳೇ ಹಸಿರು ಹಾಗೇ ಉಳ್ಕೊಳ್ಳುತ್ತೆ ಮೇಡಂ," ಎಂದಳು ಅವಳು ಮೆಲ್ಲಗೆ. "ದೂರದಿಂದ ನೋಡುವಾಗ ಆಟ ಅಂಚನ್ನೂ ಅದ್ರ ಪಕ್ಕದ ಬಣ್ಣಾನೂ ಬೆರೆಸುತ್ತೆ. ಆಗ ಹಸಿರು ಇಣುಕುತ್ತೆ. ಗೋಡೆಗೆ ಈ ತೊಂದ್ರೆ ಇಲ್ಲ, ಅದ್ರಲ್ಲಿ ಪಾರದರ್ಶಕ ಜಾಗಾನೇ ಇರಲ್ಲ. ಹೇಳಕ್ಕೆ ಹೋದೆ, ಅಕ್ಕನಿಗೆ ಬೇಜಾರಾಯ್ತು. ಅದಕ್ಕೇ ಬೇಗ ಬಂದು ದಿನಾ ಒಂದೊಂದು ಸರಿ ಮಾಡಿಡ್ತಿದ್ದೆ. ವಾಪಸ್ ಬಂದಿದ್ದೆರಡೂ ನಾನು ರಜೆ ಹಾಕಿದ್ದ ದಿನದವು."

ಬಣ್ಣದಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಪಾಸಾದ ಹನ್ನೊಂದು ಹಾಳೆಗಳಲ್ಲಿ ಒಂದೂ ತನ್ನ ಕೈಯಿಂದ ಪಾಸಾದದ್ದಲ್ಲ.

"ಗುರುತು ಅಂದ್ರಲ್ಲ, ಏನು ಬರ್ದಿದ್ರಿ?" ಎಂದಳು ಮೇಲ್ವಿಚಾರಕಿ.

ಬಣ್ಣದಕ್ಕ ನೆಲ ನೋಡಿದಳು. ಸುಮ್ಮನಿದ್ದರೆ ಹೊಸಬಳೇ ಏನಾದರೂ ಹೇಳಿ ತನ್ನನ್ನು ಉಳಿಸಿಯಾಳು ಎಂಬ ಆಸೆ ಒಂದು ಕ್ಷಣ ಬಂತು. ಆ ಆಸೆಗೇ ನಾಚಿಕೆಯಾಗಿ ಬರೆದದ್ದನ್ನು ಅಕ್ಷರ ಬಿಡದೆ ಒಪ್ಪಿಸಿದಳು.

"ಓದಿದೆ," ಎಂದಳು ಹೊಸಬಳು. "ಇವತ್ತು ಹಾಳೆ ಕೊಡ್ಬೇಕಿತ್ತು, ಅದಕ್ಕೆ ಓದಿದ್ಮೇಲೂ ಸರಿ ಮಾಡ್ದೆ."

ಮೇಲ್ವಿಚಾರಕಿ ಹೊಸಬಳತ್ತ ತಿರುಗಿದಳು. "ಹಾಗಾದ್ರೆ ಈ ಕಾಡು ಇನ್ಮೇಲೆ ನಿಂದೇ ಕಣಮ್ಮ."

"ಬೇಡ ಮೇಡಂ. ಬಣ್ಣ ಅವ್ರದ್ದೇ ಚೆನ್ನಾಗಿದೆ, ಅವ್ರೇ ಮಾಡ್ಲಿ. ಅಂಚು ಹೇಗೆ ಹರಡೋದು ಅಂತ ಬರ್ದು ಇಟ್ಟಿರ್ತೀನಿ." ಅವಳು ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡಳು. "ನಂಗೆ ಗೋಡೆ ಕೊಡಿ. ಬೇರೆ ಕೋಣೇಲಿ ಕುರ್ಚಿ ಇದ್ರೆ ಅಲ್ಲೇ ಕೂತ್ಕೋತೀನಿ."