ಅರ್ಧ ಟೀಚರ್ ಕಲಿಸಿದ ನರಿ

ಆ ಶಾಲೆಯ ಹಿಂಬಾಗಿಲು ತೆರೆದರೆ ಜೊಂಡು ಬೆಳೆದ ಜೌಗು ಭೂಮಿ. ಬೆಳಗಿನ ಹೊತ್ತು ಮಂಜು ಅಲ್ಲಿಂದ ಎದ್ದು, ಯಾರನ್ನೂ ಕೇಳದೆ, ತರಗತಿಯೊಳಗೇ ಬಂದು ಕೂರುತ್ತಿತ್ತು. ಮಕ್ಕಳು ಬರುವ ಮುಂಚೆ ನಾನೊಬ್ಬಳೇ ಬೋರ್ಡು ಒರೆಸುತ್ತ ನಿಂತರೆ ಬೆಂಚುಗಳೆಲ್ಲ ತೇಲುತ್ತಿವೆಯೇನೋ ಅನ್ನಿಸುತ್ತಿತ್ತು. ಟೀಚರ್ ಟ್ರೇನಿಂಗಿನ ಕೊನೆಯ ವರ್ಷ ಪರದೇಶದಲ್ಲಿ ಪಾಠ ಮಾಡಿ ಬರಲು ಕಾಲೇಜಿನವರು ಕಳಿಸಿದ್ದರು. ಅಲ್ಲಿನ ಭಾಷೆ ನನಗೆ ಮುಕ್ಕಾಲು ಬರುತ್ತಿತ್ತು. ಉಳಿದ ಕಾಲು ನಿದ್ದೆಗಣ್ಣಲ್ಲಿ ಕೇಳಿದ ಮಾತಿನಂತೆ ಕಿವಿಯ ಹತ್ತಿರ ಬಂದು ಕರಗಿಹೋಗುತ್ತಿತ್ತು.

ಮಕ್ಕಳು ನನಗೆ 'ಅರ್ಧ ಟೀಚರ್' ಎಂದು ಹೆಸರಿಟ್ಟಿದ್ದರು. ಪೂರ್ತಿ ಟೀಚರ್ ಎಂದರೆ ಆ ತರಗತಿಯ ನಿಜವಾದ ಟೀಚರ್. ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ಕೇಳುವುದು ಆಕೆಯ ಕೆಲಸ. ಹೆಂಗಸು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬೈದರೆ ತಿರುಗಿ ಬಯ್ಯಬಹುದು, ಸುಮ್ಮನಿರುವವರನ್ನು ಏನು ಮಾಡುವುದು ಹೇಳಿ! ನನಗೋ ಮೂಗಿನ ತುದಿಯಲ್ಲೇ ಕೋಪ. ಅದಕ್ಕೇ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಜೌಗಿನ ಅಂಚಿನಲ್ಲಿ ಅಲೆಯುತ್ತಿದ್ದೆ. ಒಂಟಿಕಾಲಲ್ಲಿ ನಿಂತ ಕೊಕ್ಕರೆ, ಮರದ ದಿಮ್ಮಿಯ ಮೇಲೆ ಬಿಸಿಲು ಕಾಯುವ ಆಮೆ, ಉಬ್ಬಿದ ಗಂಟಲಿನ ಕಪ್ಪೆ. ಹೆಸರು ಗೊತ್ತಿಲ್ಲದ್ದಕ್ಕೆ ಮಕ್ಕಳು ಹೆಸರು ಹೇಳಿಕೊಡುತ್ತಿದ್ದರು. ನನ್ನ ಉಚ್ಚಾರಣೆಗೆ ಬಿದ್ದು ಬಿದ್ದು ನಗುತ್ತಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಹಿಂಬಾಗಿಲು ತೆಗೆದೆ. ಮಂಜಿನಲ್ಲಿ ಎರಡು ಕಿವಿ, ಆಮೇಲೆ ಮೂತಿ, ಆಮೇಲೆ ಕೆಂಚು ಬಣ್ಣದ ನರಿ! ನನ್ನನ್ನೊಮ್ಮೆ ನೋಡಿ ಜೊಂಡಿನೊಳಗೆ ಮಾಯವಾಯಿತು. ಕೂಡಲೇ ಅಮ್ಮನಿಗೆ ಫೋನು ಮಾಡಿದೆ.

"ಬೆಳಬೆಳಗ್ಗೆ ನರಿ ಮುಖ ನೋಡಿದ್ದೀಯಾ? ಇನ್ನೇನೇ ಬೇಕು ನಿಂಗೆ! ಪರೀಕ್ಷೆ ಪಾಸು ಬಿಡು," ಎಂದಳು ಅಮ್ಮ.

"ದಿನಾ ನೋಡಿದ್ರೆ?"

"ದಿನಾ ನೋಡಿದ್ರೆ ಹೆಡ್ ಮಿಸ್ಸೇ ಆಗ್ತೀಯ."

ಇಬ್ಬರೂ ನಕ್ಕೆವು. ಆದರೆ ನನ್ನ ತಲೆಯೊಳಗೆ ಹುಳ ಹೊಕ್ಕಿತು. ಕೊನೆಯ ಪಾಠ ನೋಡಲು ಪರೀಕ್ಷಕರು ಬರುವವರಿದ್ದರು. ಪಾಠ 'ನಮ್ಮ ನೆರೆಯ ಕಾಡುಜೀವಿಗಳು'. ಅವತ್ತೂ ಈ ಮುಖ ಬಾಗಿಲಲ್ಲಿ ಕಂಡರೆ? ಮಾರನೆಯ ದಿನ ನನ್ನ ಡಬ್ಬಿಯಿಂದ ಬೇಯಿಸಿದ ಮೊಟ್ಟೆಯೊಂದನ್ನು ಮೆಟ್ಟಿಲ ಮೇಲಿಟ್ಟೆ. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ.

ನರಿ ಎಂಥ ಜಾಣ ವಿದ್ಯಾರ್ಥಿ ಅಂತೀರಿ! ಮೊದಲು ದೂರದಿಂದ ಮೂಸುತ್ತಿತ್ತು. ಆಮೇಲೆ ನಾನು ಕಂಬದ ಮರೆಗೆ ನಿಂತರೆ ಬರುತ್ತಿತ್ತು. ಕೊನೆಗೆ "ಬಾರೇ ಕಂದಾ" ಎಂದು ನಮ್ಮ ಮನೆಮಾತಿನಲ್ಲಿ ಕರೆದರೆ ಸಾಕು, ಮಂಜನ್ನು ಸೀಳಿಕೊಂಡು ಬಂದು ಮೆಟ್ಟಿಲ ಮೇಲೆ ಬಾಲ ಸುತ್ತಿಕೊಂಡು ಕೂರುತ್ತಿತ್ತು. ಅದರ ಜೇನುಬಣ್ಣದ ಕಣ್ಣು ನೋಡುತ್ತ ನಿಂತರೆ ಯಾವ ದೇಶದಲ್ಲಿದ್ದೇನೆ, ಯಾವ ಕೆಲಸಕ್ಕೆ ಬಂದೆ, ಎಲ್ಲ ಮರೆತುಹೋಗುತ್ತಿತ್ತು. ಆ ಊರಲ್ಲಿ ನನ್ನ ಭಾಷೆ ತಿಳಿದಿದ್ದುದು ಅದೊಂದಕ್ಕೇ.

ಪರೀಕ್ಷಕರು ಬರುವ ಹಿಂದಿನ ದಿನ, ಪೂರ್ತಿ ಟೀಚರ್ ನನ್ನನ್ನು ಸ್ಟಾಫ್ ರೂಮಿಗೆ ಕರೆದು ಬಾಗಿಲು ಹಾಕಿಕೊಂಡರು.

"ನಿನ್ನ ನರಿ ಇವತ್ತು ಚಿಕ್ಕ ಮಕ್ಕಳ ಕ್ಲಾಸಿಗೆ ಹೋಗಿತ್ತು. ಒಂದು ಮಗು ಕೈಯಿಂದ ಬನ್ನು ಕಿತ್ಕೊಂಡಿದೆ. ಬೆರಳಿಗೆ ಹಲ್ಲು ತಾಗಿದೆ."

"ಮಗು ಹೇಗಿದೆ?"

"ಮಗು ಆರಾಮಾಗಿದೆ. ನರಿ ಗತಿ ಕೇಳು. ನಾಳೆ ಸಂಜೆ ಅರಣ್ಯ ಇಲಾಖೆಯವ್ರು ಬೋನು ತಂದಿಡ್ತಾರೆ. ಮನುಷ್ಯರ ಭಯ ಬಿಟ್ಟಿರೋ ನರೀನ ಅವ್ರು ವಾಪಸ್ ಬಿಡಲ್ಲ. ಸೂಜಿ ಚುಚ್ಚಿ ಸಾಯಿಸ್ತಾರೆ, ಅಷ್ಟೇ."

"ಬೇರೆ ಕಡೆ ಬಿಡಬಹುದಲ್ಲ?"

"ಅಲ್ಲೂ ಯಾರದೋ ಬಾಗಿಲಿಗೆ ಹೋಗುತ್ತೆ. ಅದಕ್ಕೆ ಮರಿಗಳಿವೆ ಬೇರೆ. ಹೊಟ್ಟೆ ಕೆಳಗೆ ನೋಡಲಿಲ್ವಾ ನೀನು?"

ಎಲ್ಲಿ ನೋಡಿದ್ದೆ? ನಾನು ನೋಡಿದ್ದು ಬರೀ ಮುಖ.

ಮಾರನೆಯ ದಿನ ಬೇಗ ಹೋಗಿ ಅಟ್ಟಿಬಿಡೋಣವೆಂದು ಕಾದೆ. ಹಾಳಾದ್ದು ಬರಲೇ ಇಲ್ಲ. ಮಕ್ಕಳು ಬಂದರು, ಪರೀಕ್ಷಕರು ಬಂದರು. ಮೇಜಿನ ಮೇಲೆ ಮಕ್ಕಳು ಆರಿಸಿ ತಂದ ಗರಿ, ಚಿಪ್ಪು, ಹೊಳೆಗಲ್ಲುಗಳನ್ನು ಜೋಡಿಸಿ ಪಾಠ ಶುರುಮಾಡಿದೆ. ನನ್ನ ದನಿ ಬೇರೆ ಯಾರದೋ ಎಂಬಂತೆ ಎಲ್ಲಿಂದಲೋ ಕೇಳಿಸುತ್ತಿತ್ತು. ಕೊಕ್ಕರೆಯ ಕಾಲಿನ ವಿಷಯ ಹೇಳುತ್ತಿದ್ದಾಗ ಮಕ್ಕಳೆಲ್ಲ ಒಮ್ಮೆಲೇ ಉಸಿರು ಬಿಗಿಹಿಡಿದರು. ಹಿಂಬಾಗಿಲ ಮೆಟ್ಟಿಲ ಮೇಲೆ ನರಿ ಕೂತಿತ್ತು. ಬೆನ್ನ ಹಿಂದೆ ಬೆಳ್ಳನೆಯ ಮಂಜು, ರೋಮದ ತುದಿಯಲ್ಲಿ ಹನಿ.

ಪರೀಕ್ಷಕರು ಮೆಲ್ಲನೆ ಎದ್ದು ನಿಂತರು. "ಎಂಥ ಪಾಠ! ನನ್ನ ಸರ್ವಿಸಿನಲ್ಲೇ ನೋಡಿಲ್ಲ. ಮುಂದುವರೆಸಿ, ಮುಂದುವರೆಸಿ," ಎಂದು ಪಿಸುಗುಟ್ಟಿದರು.

ಸುಮ್ಮನಿದ್ದರೆ ಸಾಕಿತ್ತು. ಪಾಸಲ್ಲ, ಮೊದಲ ಸ್ಥಾನವೇ ಸಿಗುತ್ತಿತ್ತು. ಆದರೆ ಸಂಜೆ ಬೋನು ಬರುತ್ತದೆ. ಅದು ಹೀಗೇ ಬಾಲ ಸುತ್ತಿಕೊಂಡು ಅದರೊಳಗೂ ಹೋಗಿ ಕೂರುತ್ತದೆ.

ನೆಲಕ್ಕೆ ಕಾಲು ಅಪ್ಪಳಿಸಿದೆ. ಅದು ಕಿವಿ ನಿಮಿರಿಸಿತು. "ಹೋಗೇ! ನಡಿ ಆಚೆ! ಮಾನಗೆಟ್ಟವಳೇ, ಮರಿ ಬಿಟ್ಟು ಇಲ್ಲಿ ಯಾಕೆ ಬಂದೆ?" ಅಷ್ಟು ದಿನ ಹಲ್ಲು ಕಚ್ಚಿ ಹಿಡಿದಿಟ್ಟಿದ್ದ ಮನೆಮಾತೆಲ್ಲ ಬಾಯಿಗೆ ಬಂದಂತೆ ಹೊರಬಿತ್ತು. ಅದಕ್ಕೆ ಆ ಮಾತೆಂದರೆ ಮೊಟ್ಟೆ ಎಂದರ್ಥ. ಇನ್ನೂ ಒಂದು ಹೆಜ್ಜೆ ಹತ್ತಿರ ಬಂತು. ಮಕ್ಕಳು ಕಿಸಕ್ಕೆಂದರು.

ಹಿಂದಿನ ಬೆಂಚಿನಿಂದ ಪೂರ್ತಿ ಟೀಚರ್, "ಅಷ್ಟು ಸಾಲಲ್ಲ," ಎಂದರು.

ಮೇಜಿನ ಮೇಲಿದ್ದ ಹೊಳೆಗಲ್ಲು ಎತ್ತಿ ಬೀಸಿದೆ. ಗುರಿ ತಪ್ಪಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದೆ, ತಪ್ಪಲಿಲ್ಲ. ಸೊಂಟಕ್ಕೆ ಬಿತ್ತು. ಅದು ಕೂಗಿದ್ದು ಥೇಟ್ ಮಗುವಿನ ಹಾಗೆ. ಓಡಲಾರದೆ ಒಂದು ಗಳಿಗೆ ನನ್ನನ್ನೇ ನೋಡಿತು. ಇನ್ನೊಂದು ಕಲ್ಲೆಸೆದು ಬಾಗಿಲು ದಾಟಿ ಅಟ್ಟಿಸಿಕೊಂಡು ಹೋದೆ. ಮೊಣಕಾಲುದ್ದ ಕೆಸರು. ನನ್ನ ಹಿಂದೆಯೇ ಇಡೀ ತರಗತಿ ನುಗ್ಗಿ ಬಂತು. ಒಂದಕ್ಷರವೂ ಅರ್ಥವಾಗದಿದ್ದರೂ "ನಡಿ ಆಚೆ! ನಡಿ ಆಚೆ!" ಎಂದು ನನ್ನ ಭಾಷೆಯಲ್ಲೇ ಮಕ್ಕಳು ಕೂಗುತ್ತಿದ್ದರು. ಜೊಂಡು ಅಲ್ಲಾಡಿತು, ಮಂಜು ಮುಚ್ಚಿಕೊಂಡಿತು.

"ಪಾಠ ಮುಗಿಯಲಿಲ್ಲ, ಇನ್ನೊಮ್ಮೆ ಮಾಡಬೇಕು," ಎಂದು ಹೇಳಿ ಪರೀಕ್ಷಕರು ಹೊರಟರು. ನಾನು ಕೆಸರಿನ ಕಾಲಲ್ಲೇ ಕೂತು ಮಕ್ಕಳಿಗೆ ಬೋನಿನ ವಿಷಯ ಹೇಳಿದೆ. ಎರಡು ಜಡೆಯ ಹುಡುಗಿಯೊಬ್ಬಳು ಕಣ್ಣು ತುಂಬಿಕೊಂಡು, "ಅದಕ್ಕೆ ನೀವಂದ್ರೆ ಇಷ್ಟ ಇತ್ತಲ್ಲ?" ಎಂದಳು.

"ಹೂಂ ಕಣೇ. ಅದೇ ತೊಂದ್ರೆ ಆಗಿದ್ದು."

ಬೋನು ಬಂತು. ಒಳಗೆ ಮಾಂಸ ತೂಗುಹಾಕಿದರು. ಪ್ರತಿ ಬೆಳಗ್ಗೆ ಹೋಗಿ ಇಣುಕುತ್ತಿದ್ದೆ. ಖಾಲಿ. ಮಾಂಸ ನಾರತೊಡಗಿದ ಮೇಲೆ ಇಲಾಖೆಯವರೇ ಗೊಣಗುತ್ತ ಬೋನು ಹೊತ್ತುಕೊಂಡು ಹೋದರು. ಎರಡನೇ ಸಲ ಮಾಡಿದ ಪಾಠದಲ್ಲಿ ಹೇಗೋ ದಡ ಸೇರಿದೆ.

ಊರಿಗೆ ಹೊರಡುವ ಹಿಂದಿನ ದಿನ ಜೌಗಿನ ಅಂಚಿನಲ್ಲಿ ಒಬ್ಬಳೇ ನಡೆಯುತ್ತಿದ್ದೆ. ಕಾಲುವೆಯ ಆಚೆ ದಡದಲ್ಲಿ, ಸಂಜೆಯ ಹಳದಿ ಬೆಳಕಿನಲ್ಲಿ, ಅದೇ ನರಿ. ಹಿಂದೆ ಮೂರು ಮರಿ. ನಡೆಯುವಾಗ ಸ್ವಲ್ಪ ಕುಂಟುತ್ತಿತ್ತು. ನನ್ನನ್ನು ಕಂಡದ್ದೇ ತಡ, ಮೈಯೆಲ್ಲ ಸೆಟೆದು ಒಂದೇ ನೆಗೆತಕ್ಕೆ ಜೊಂಡಿನೊಳಗೆ ಹೋಯಿತು. ಎರಡು ಮರಿ ಅದರ ಬೆನ್ನಿಗೇ ಓಡಿದವು. ನನಗೆ ಎಷ್ಟು ಸಂತೋಷವಾಯಿತೋ ಅಷ್ಟೇ ಸಂಕಟವಾಯಿತು.

ಮೂರನೆಯದು ಹೋಗಲಿಲ್ಲ. ಅಲ್ಲೇ ಕೂತು, ತಲೆ ಓರೆ ಮಾಡಿ, ನನ್ನನ್ನೇ ನೋಡತೊಡಗಿತು. ಇಷ್ಟೇ ಇಷ್ಟು ಮುಖ. ಬಾ ಎಂದರೆ ಬಂದೇಬಿಡುತ್ತಿತ್ತು. ನಾನು ಅಳುತ್ತಲೇ ಬಗ್ಗಿ ಒಂದು ಮಣ್ಣಿನ ಹೆಂಟೆ ಎತ್ತಿಕೊಂಡೆ.