ಒಳದಾರಿ

ಮಂಜಿ ಗಳವನ್ನು ಕೆಸರಿಗೆ ಊರಿ ಮೈಭಾರವನ್ನೆಲ್ಲ ಹಾಕಿ ನೂಕಿದಳು. ದೋಣಿ ಕದಲಲಿಲ್ಲ. ಎರಡೂ ಕಡೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರು ಬಯಲಾಗಿ, ಏಡಿಗಳು ಆಗಲೇ ಹೊರಬಿದ್ದಿದ್ದವು. ಅಘನಾಶಿನಿಯ ಇಳಿತ ಯಾರಿಗಾಗಿಯೂ ಕಾಯುವುದಿಲ್ಲ.

ಬೆಳಿಗ್ಗೆ ಹತ್ತಕ್ಕೆ ಘಟ್ಟದ ಮೇಲಿನ ಬಿಳಗಿಯಿಂದ ಅಣ್ಣ ರಾಮ ಫೋನ್ ಮಾಡಿದ್ದ. ಆರು ತಿಂಗಳಿಂದ ಮಲಗಿದ್ದ ಅಪ್ಪ ಚೌಡ ಹೋಗಿಬಿಟ್ಟಿದ್ದ. ಹಕ್ಕಿ ನೋಡಲು ಬನವಾಸಿಯಿಂದ ಬಂದ ಗಂಡ ಹೆಂಡತಿ, ಸದಾಶಿವ ಮತ್ತು ಪ್ರತಿಭಾ, ದೋಣಿಯಲ್ಲಿದ್ದರು. ದೊಡ್ಡ ಹೊಳೆಯಲ್ಲೇ ದಡಕ್ಕೆ ಹೋಗಿ ಬಸ್ ಹಿಡಿದಿದ್ದರೆ ಮಧ್ಯಾಹ್ನ ಎರಡು ಗಂಟೆಗೆ ಮನೆ ಮುಟ್ಟುತ್ತಿದ್ದಳು. ಅರ್ಧ ಗಂಟೆ ಉಳಿಯಲೆಂದು ಕಾಂಡ್ಲಾದ ಒಳದಾರಿ ಹಿಡಿದಳು. ಅವಸರಕ್ಕೆ ಕಣ್ಣಿಲ್ಲ ನೋಡಿ. ಈಗ ಬೇರೆ ದೋಣಿ ಬರಲಿಕ್ಕೂ ನೀರಿಲ್ಲ.

\*

ಘಟ್ಟದ ಮೇಲಿನ ಕೂಲಿಯಾಳು ಚೌಡ ಮೂವತ್ತರ ವಯಸ್ಸಿನಲ್ಲಿ ಕೆಳಗಿಳಿದು ದೋಣಿ ಕಲಿತವ. ಮೊದಲ ವಾರವೇ ಇದೇ ಒಳದಾರಿಯಲ್ಲಿ ಸಿಕ್ಕಿಕೊಂಡು ಕರಾವಳಿಯವರ ನಗೆಗೆ ಈಡಾಗಿದ್ದ. ಆಮೇಲೆ ಇಪ್ಪತ್ತು ವರ್ಷ ಒಂದು ದಿನವೂ ಲೆಕ್ಕ ತಪ್ಪಲಿಲ್ಲ. ನೀರುನಾಯಿ ಎಲ್ಲಿ ಮರಿ ಹಾಕುತ್ತದೆಂದು ಅವನಿಗೆ ಗೊತ್ತಿತ್ತು, ಪ್ರವಾಸಿಗರಿಗೆ ಮಾತ್ರ ತೋರಿಸುತ್ತಿರಲಿಲ್ಲ.

"ಬಾಣಂತಿ ಮನೆ, ಎಂತ ನೋಡೂದು?" ಎನ್ನುತ್ತಿದ್ದ. ಮಗಳಿಗೆ ಹೇಳಿಕೊಟ್ಟದ್ದು ಒಂದೇ ಮಾತು. "ಇಳಿತ ಶುರುವಾದ್ಮೇಲೆ ಒಳದಾರಿ ಇಲ್ಲ ಅಂದ್ಕೋ."

\*

"ಎಲ್ಲಿದ್ದೆ?" ರಾಮ ಮತ್ತೆ ಫೋನ್ ಮಾಡಿದ. ಹಿಂದೆ ಹೆಂಗಸರ ಅಳು ಕೇಳುತ್ತಿತ್ತು.

"ಕೆಸರಲ್ಲಿ ಸಿಕ್ಕಿಬಿದ್ದೆ. ನಾಲ್ಕೂವರೆಗೆ ಭರತಿ ಏರ್ತದೆ, ದೋಣಿ ತೇಲ್ತದೆ. ರಾತ್ರಿ ಎಂಟಕ್ಕೆ ಮನೇಲಿರ್ತೆ. ಕಾಯ್ರೋ."

ದೊಡ್ಡಪ್ಪ ಕೆರಿಯಪ್ಪ ಫೋನ್ ಇಸಿದುಕೊಂಡ. "ಹೊಟ್ಟೆ ಉಬ್ತಾ ಅದೆ ಮಗಾ. ಹೊತ್ತು ಕಂತೂದ್ರೊಳಗೆ ಆಗ್ಬೇಕು."

"ಒಂದ್ಸಲ ಮುಖ ನೋಡ್ತೆ ದೊಡ್ಡಪ್ಪ. ಬಾಯಿಗೆ ನೀರು ಬಿಡ್ತೆ."

"ನಿನ್ ಪಾಲಿಂದೂ ರಾಮ ಬಿಡ್ತ."

ಮಂಜಿ ಕೆಸರಿಗೆ ಧುಮುಕಿದಳು. ಎರಡೇ ಹೆಜ್ಜೆಗೆ ಸೊಂಟದವರೆಗೆ ಹೂತುಹೋದಳು. ಸದಾಶಿವ ಅಂಚಿಗೆ ಬಗ್ಗಿ ಎರಡೂ ಕೈ ಹಿಡಿದೆಳೆದ.

"ಒಂದ ಮನಿಯಾಗ ಎರಡು ಹೆಣ ಮಾಡಬ್ಯಾಡ್ರಿ ತಂಗಿ, ಮ್ಯಾಲ ಬರ್ರಿ."

ಪ್ರತಿಭಾ ಸೆರಗಿನಿಂದ ಅವಳ ಮುಖ ಒರೆಸಿದಳು. ಮಂಜಿಗೆ ಅಪ್ಪ ಸತ್ತದ್ದಕ್ಕಿಂತ ತನ್ನ ಮೇಲಿನ ಸಿಟ್ಟೇ ಹೆಚ್ಚಾಗಿ, ದೋಣಿಯ ಹಲಗೆಗೆ ಹಣೆ ಚಚ್ಚಿಕೊಂಡು ಅತ್ತಳು.

ನಾಲ್ಕು ದಾಟಿದ ಮೇಲೆ ರಾಮನ ಫೋನ್ ಬಂತು. ಅವನು ಅದನ್ನು ಚಿತೆಯತ್ತ ಹಿಡಿದಿದ್ದ. ಕಟ್ಟಿಗೆ ಸಿಡಿಯುವ ಸದ್ದು ಮಾತ್ರ ಕೇಳಿತು. ಮಂಜಿ ಫೋನನ್ನು ಕಿವಿಗೆ ಒತ್ತಿ ಹಿಡಿದು "ಅಪ್ಪಾ" ಅಂದಳು.

ಅಷ್ಟರಲ್ಲಿ ದೋಣಿಯ ಹಿಂಬದಿ ಮೆಲ್ಲಗೆ ಎದ್ದಿತು, ಆಮೇಲೆ ಮುಂಬದಿ. ಸಮುದ್ರದಿಂದ ಏರಿಬಂದ ನೀರು ದೋಣಿಯನ್ನು ಎತ್ತಿಕೊಂಡು, ಯಾರೂ ನೂಕದೆ, ಘಟ್ಟದ ದಿಕ್ಕಿಗೆ ನಡೆಸತೊಡಗಿತು.