ಪಕ್ಕೀರಮ್ಮನ ಬಾಯಿ

"ಏಯ್ ಮುದುಕಿ, ಕಣ್ಣಾಗ ನೀರೇ ಇಲ್ಲಲ್ಲಬೇ! ಸತ್ತಾಕಿ ಮಗಳೋ, ಕೋಳಿಯೋ? ಇನ್ನೊಂದ್ಸಲ ಅಳು!"

ಕ್ಯಾಮೆರಾದ ಹಿಂದಿನಿಂದ ಶಶಿಕಾಂತ್ ಮೇಷ್ಟ್ರು ಕೂಗಿದರು. ಬಳ್ಳಾರಿಯ ಕಾಲೇಜೊಂದರ ಸಿನಿಮಾ ತರಬೇತಿ ಕೇಂದ್ರಕ್ಕೆ ಅವರು ಮುಖ್ಯಸ್ಥರು; ಅಕ್ಕಿ ಮಿಲ್ಲಿನಲ್ಲಾದ ಸಾವೊಂದರ ಬಗ್ಗೆ ವಿದ್ಯಾರ್ಥಿಗಳಿಂದ ಚಿತ್ರ ತೆಗೆಸುತ್ತಿದ್ದರು. ಸಿರುಗುಪ್ಪದ ಆಚೆ, ತನ್ನ ಗುಡಿಸಲ ಮುಂದೆ ಪಕ್ಕೀರಮ್ಮ ಬೆಳಗಿನಿಂದ ಅಳುತ್ತಿದ್ದಳು. ಒಮ್ಮೆ ಬೆಳಕು ಸಾಲಲಿಲ್ಲ, ಒಮ್ಮೆ ನಾಯಿ ಅಡ್ಡ ಬಂತು. ಮಗಳು ದುರ್ಗಿಯ ಸೆರಗು ಅಕ್ಕಿ ಮಿಲ್ಲಿನ ಬೆಲ್ಟಿಗೆ ಸಿಕ್ಕ ದಿನ ತಾನಾಗಿ ಉಕ್ಕಿದ್ದ ಅಳು, ಈಗ ಹೇಳಿದಾಗ ಬರಲೊಲ್ಲದು.

"ನಂಗ ಆಗವಲ್ದಪ್ಪಾ."

ಮೇಷ್ಟ್ರು ಈರುಳ್ಳಿ ತರಿಸಿದರು. ಅಕ್ಷತಾ ಎಂಬ ವಿದ್ಯಾರ್ಥಿನಿ ಅದನ್ನು ಹೆಚ್ಚಿ ಕೊಡುವಾಗ ಮುದುಕಿಯ ಮುಖ ನೋಡಲಿಲ್ಲ.

ಮಧ್ಯಾಹ್ನ ಮೇಷ್ಟ್ರು ಕಾರಿನಲ್ಲೇ ಕೂತು ತಮ್ಮ ಡಬ್ಬಿ ಬಿಚ್ಚಿದರು. ಅಕ್ಷತಾ ಗುಡಿಸಲೊಳಗೆ ಬಂದು, ಪಕ್ಕೀರಮ್ಮ ಕೊಟ್ಟ ರೊಟ್ಟಿ ಉಂಡು, ಕ್ಯಾಮೆರಾ ಹಚ್ಚಿದಳು.

"ಯಮ್ಮಾ, ಅವತ್ತು ಏನಾತು ನಿಮ್ಮ ಮಾತಿನಾಗ ಹೇಳ್ರಿ."

"ಏನ್ ಹೇಳ್ಲವ್ವಾ? ಬೆಲ್ಟು ಸೆರಗು ಎಳಕೊಂಡ್ತು. ಮಿಷಿನ್ ನಿಲ್ಸ್ರಿ ಅಂತ ಮಿಲ್ಲಿನ ಧಣಿ ದೊಡ್ಡಬಸವರಾಜನ ಕಾಲಿಗೆ ಬಿದ್ನಿ. 'ನಿಲ್ಸಿದ್ರ ಭತ್ತ ಒಳಗ ಸಿಕ್ಕಾಕ್ಕೆಂತತಿ, ಸೀರಿ ಕತ್ತರಿಸ್ರಲೇ' ಅಂದ, ಅವರವ್ನ! ಇವ್ರು ಕುಡುಗೋಲು ಹುಡುಕಾದ್ರಾಗ ನನ ಮಗಳು ಹೋಗಿಬಿಟ್ಲು."

ಅವಳಿಗೆ ಈಗ ಈರುಳ್ಳಿ ಬೇಕಾಗಲಿಲ್ಲ.

ಚಿತ್ರ ತೋರಿಸುವ ದಿನ ಕೇಂದ್ರದ ವ್ಯಾನೇ ಬಂದು ಅವಳನ್ನು ಬಳ್ಳಾರಿಗೆ ಕರೆದೊಯ್ಯಿತು. ಸಭಾಂಗಣದ ಮುಂದಿನ ಸೋಫಾದಲ್ಲಿ ದೊಡ್ಡಬಸವರಾಜ ಕೂತಿದ್ದ. ಕೇಂದ್ರಕ್ಕೆ ಡಬ್ಬಿಂಗ್ ಕೋಣೆ ಕಟ್ಟಿಸಿಕೊಟ್ಟವನು ಅವನೇ. ಮೇಷ್ಟ್ರು ಪಕ್ಕೀರಮ್ಮನನ್ನು ಗೋಡೆ ಬದಿಯ ಕುರ್ಚಿಗೆ ಕೂರಿಸಿದರು.

"ಚಪ್ಪಾಳೆ ಬಿದ್ದಾಗ ಎದ್ದು ಧಣೇರಿಗೆ ಕೈ ಮುಗಿ, ಸಾಕು. ಬಾಯಿ ತೆಗಿಬ್ಯಾಡ."

ದೀಪ ಆರಿದವು. ಪರದೆಯ ತುಂಬ ಅವಳ ಮುಖ ಬಂತು. ತುಟಿ ಅಲುಗಿದವು.

"ಫೋನ್‌ನಾಗ ಮಾತಾಡ್ಕೆಂತ ಮಿಷಿನ್ ಹತ್ರ ಹೋದ್ಲು ನನ ಮಗಳು. ಧಣಿ ಬ್ಯಾಡಂದ್ರೂ ಕೇಳ್ಲಿಲ್ಲ."

ದುರ್ಗಿಗೆ ಫೋನೇ ಇರಲಿಲ್ಲ. ತಾನೇ ಹೀಗೆ ಅಂದಿದ್ದೆನೇನೋ ಎಂದು ಪಕ್ಕೀರಮ್ಮನಿಗೆ ದಿಗಿಲಾಯಿತು. ಆಮೇಲೆ ದನಿಯ ಗುರುತು ಸಿಕ್ಕಿತು, ಅದು ತನ್ನದಲ್ಲ. ಬಾಗಿಲ ಬಳಿ ನಿಂತಿದ್ದ ಅಕ್ಷತಾಳ ಕಡೆ ತಿರುಗಿದಳು.

"ಯಾಕವ್ವಾ?"

"ಬರ್ದು ಕೊಟ್ಟಿದ್ದ ಓದಿಸಿದ್ರು ಯಮ್ಮಾ. ಓದ್ಲಿಲ್ಲಂದ್ರ ಪಾಸ್ ಮಾಡಾಂಗಿಲ್ಲ ಅಂದ್ರು." ಹುಡುಗಿ ಬಿಕ್ಕುತ್ತಿದ್ದಳು.

ಪಕ್ಕೀರಮ್ಮ ಎದ್ದಳು. ನಡೆದು ಹೋಗಿ ಪರದೆಗೆ ಬೆನ್ನು ಕೊಟ್ಟು ನಿಂತಳು.

"ಸುಳ್ಳದು! ಈ ಸೂಳೆಮಗ ಮಿಷಿನ್ ನಿಲ್ಸಲಿಲ್ಲ! ನನ ಮಗಳು—"

"ಕೂಡ್ರಬೇ, ಕಾಣವಲ್ದು!" ಹಿಂದಿನಿಂದ ಯಾರೋ ಕೂಗಿದರು.

ಮೇಷ್ಟ್ರು ಯಂತ್ರದ ಬಳಿಯಿದ್ದವನಿಗೆ ಕೈ ಬೀಸಿದರು. "ಸೌಂಡ್ ಏರ್ಸಲೇ!"

ಸೌಂಡ್ ಏರಿತು. ಗೋಡೆಗಳು ಅದುರಿದವು. ಪಕ್ಕೀರಮ್ಮನ ಕೊರಳ ನರ ಉಬ್ಬಿದ್ದವು, ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸಭೆಗೆ ಕೇಳಿಸಿದ್ದು ಇಷ್ಟೇ:

"ತಪ್ಪು ನಮ್ದ ಐತ್ರಿ. ಹೊಟ್ಟಿಗೆ ಹಾಕ್ಕೊಳ್ರಿ ಧಣಿ."